ಮೂಡಿಗೆರೆಯ ಶೆಡ್ಡಿನಲ್ಲಿ ನಿಂತಿರುವ 1968ರ ಅಂಬಾಸಿಡರ್: ಮೊದಲು ಎಂಜಿನ್ನೋ, ಮೊದಲು ಬ್ರೇಕೋ?

ಪಲ್ಪರ್ ಮನೆ (ಮೂಡಿಗೆರೆ)

ನಮ್ಮ ತೋಟ ಮೂಡಿಗೆರೆ ಮತ್ತು ಕೊಟ್ಟಿಗೆಹಾರದ ನಡುವೆ ಇದೆ. ಅಜ್ಜ ಕೊಂಡಿದ್ದ 1968ರ ಅಂಬಾಸಿಡರ್ ಮಾರ್ಕ್ 2 ತೊಂಬತ್ತರ ದಶಕದ ಕೊನೆಯಿಂದ ಹೆಂಚಿನ ಶೆಡ್ಡಿನಲ್ಲಿ ನಿಂತಲ್ಲೇ ನಿಂತಿದೆ. ಎಂವೈ ಎಂದು ಆರಂಭವಾಗುವ ಮೈಸೂರು ರಾಜ್ಯದ ಕಾಲದ ನಂಬರು, ಹಳೆಯ ಆರ್‌ಸಿ ಪುಸ್ತಕ, 1489 ಸಿಸಿಯ ಮೂಲ ಪೆಟ್ರೋಲ್ ಎಂಜಿನ್ ಎಲ್ಲವೂ ಇವೆ. ಬ್ಯಾಟರಿ ಇಲ್ಲ, ನಾಲ್ಕೂ ಟೈರುಗಳಲ್ಲಿ ಗಾಳಿ ಇಲ್ಲ, ಬ್ರೇಕ್ ಪೆಡಲ್ ಒತ್ತಿದರೆ ನೆಲ ಮುಟ್ಟುತ್ತದೆ. ಪೇಟೆಯಿಂದ ಬಂದು ನೋಡಿದ ಮೆಕ್ಯಾನಿಕ್ ಒಬ್ಬರು, ಟೈರಿಗೆ ಗಾಳಿ ತುಂಬಿಸಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಮೂರನೇ ಗೇರಿನಲ್ಲಿ ಎಳೆದರೆ ಸಂಜೆಯೊಳಗೆ ಸ್ಟಾರ್ಟ್ ಆಗುತ್ತದೆ, ಉಳಿದದ್ದನ್ನು ಆಮೇಲೆ ನೋಡೋಣ ಎಂದರು. ಅವರ ಉತ್ಸಾಹ ಮೆಚ್ಚುವಂಥದ್ದೇ ಆದರೂ ನನಗೆ ಧೈರ್ಯ ಬರಲಿಲ್ಲ. ಪ್ರದರ್ಶನಕ್ಕೆ ಇಡುವ ಹಂಬಲ ನನಗಿಲ್ಲ. ಸುರಕ್ಷಿತವಾಗಿ ಮೂಡಿಗೆರೆ ಪೇಟೆಗೆ ಹೋಗಿ ಬರುವಂತಾದರೆ ಸಾಕು. ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ತಿಳಿದವರು ಹೇಳಬೇಕು.

ಹಳೆಯ ಪಿಸ್ಟನ್ (ಹಾಸನ)

ದಯವಿಟ್ಟು ಎಳೆದು ಸ್ಟಾರ್ಟ್ ಮಾಡಿಸಬೇಡಿ. ಇಷ್ಟು ವರ್ಷ ನಿಂತ ಎಂಜಿನ್ನಿನಲ್ಲಿ ಎಣ್ಣೆಯೆಲ್ಲ ಕೆಳಗಿಳಿದು ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಸೇರಿರುತ್ತದೆ. ಸಿಲಿಂಡರಿನ ಗೋಡೆ, ಕ್ಯಾಮ್‌ಶಾಫ್ಟ್, ಬೇರಿಂಗ್ ಯಾವುದರ ಮೇಲೂ ಪದರ ಉಳಿದಿರುವುದಿಲ್ಲ. ಮಲೆನಾಡಿನ ತೇವಕ್ಕೆ ರಿಂಗುಗಳು ಸಿಲಿಂಡರಿಗೆ, ವಾಲ್ವಿನ ಕಡ್ಡಿಗಳು ಗೈಡಿಗೆ ತುಕ್ಕಿನಿಂದ ಅಂಟಿಕೊಂಡಿರುವ ಸಂಭವ ಹೆಚ್ಚು. ಅಂಥ ಎಂಜಿನ್ನನ್ನು ಟ್ರ್ಯಾಕ್ಟರಿನ ಬಲದಿಂದ ತಿರುಗಿಸಿದರೆ ರಿಂಗು ಮುರಿಯುತ್ತದೆ, ಪುಶ್‌ರಾಡ್ ಬಾಗುತ್ತದೆ. ಬಿಗಿದುಕೊಂಡ ವಾಲ್ವ್ ತೆರೆದೇ ಉಳಿದರೆ ಪಿಸ್ಟನ್ನಿಗೆ ತಾಗುವುದೂ ಉಂಟು. ಬ್ರೇಕೇ ಇಲ್ಲದ ಗಾಡಿಯೊಂದು ಹಗ್ಗದ ತುದಿಯಲ್ಲಿ ಟ್ರ್ಯಾಕ್ಟರನ್ನು ಹಿಂಬಾಲಿಸುವುದರ ಅಪಾಯವನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಈ ಗಾಡಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವ ವ್ಯವಸ್ಥೆ ಇರುವುದು ನಿಮ್ಮ ಭಾಗ್ಯ. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ತುಕ್ಕು ಸಡಿಲಿಸುವ ದ್ರವವನ್ನೋ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಸಮಪಾಲು ಅಸಿಟೋನ್ ಸೇರಿಸಿದ ಮಿಶ್ರಣವನ್ನೋ ಬಿಟ್ಟು ಕೆಲವು ದಿನ ನೆನೆಯಲು ಬಿಡಿ. ಬೆಂಕಿಯಿಂದ ದೂರವಿಡಿ, ಅಸಿಟೋನ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿರುವುದನ್ನು ಖಚಿತಪಡಿಸಿಕೊಂಡು ಹ್ಯಾಂಡಲನ್ನು ಮೆಲ್ಲಗೆ ಒತ್ತಿ ನೋಡಿ. ಕೈಬಲಕ್ಕೆ ಜಗ್ಗದಿದ್ದರೆ ಹ್ಯಾಂಡಲಿಗೆ ಪೈಪ್ ತೂರಿಸಿ ಒತ್ತಬೇಡಿ, ಮತ್ತೆ ನೆನೆಸಿ.

ತೋಟದ ಜೀಪು (ಬಾಳೆಹೊನ್ನೂರು)

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಮ್ಮ ಕಡೆಯ ತೋಟದ ಜೀಪುಗಳನ್ನು ಮಳೆಗಾಲ ಮುಗಿದ ಮೇಲೆ ಇಳಿಜಾರಿನಲ್ಲಿ ಬಿಟ್ಟೋ, ಎಳೆದೋ ಸ್ಟಾರ್ಟ್ ಮಾಡುವುದು ವಾಡಿಕೆ, ಅದರಿಂದ ಎಂಜಿನ್ ಹಾಳಾದದ್ದನ್ನು ನಾನು ಕಂಡಿಲ್ಲ. ನಾಲ್ಕು ತಿಂಗಳು ನಿಂತ ಜೀಪಿಗೂ ಎರಡು ದಶಕ ದಾಟಿ ನಿಂತ ಕಾರಿಗೂ ವ್ಯತ್ಯಾಸವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಎಂಜಿನ್ನಿನ ಸ್ಥಿತಿ ತಿಳಿಯದೆ ಬ್ರೇಕು, ಟೈರು, ವೈರಿಂಗ್ ಎಂದು ಖರ್ಚು ಮಾಡುತ್ತ ಹೋಗಿ, ಕೊನೆಗೆ ಬ್ಲಾಕ್ ಒಡೆದಿದೆ ಎಂದು ಗೊತ್ತಾದರೆ ಆ ಹಣ ಯಾರು ಕೊಡುತ್ತಾರೆ? ಆದ್ದರಿಂದ ಎಂಜಿನ್ ಮೊದಲು ಎಂಬುದೇ ನನ್ನ ಮಾತು.

ಡ್ರಮ್ ಮತ್ತು ಲೈನಿಂಗ್ (ಸಕಲೇಶಪುರ)

ಮೇಲಿನ ಇಬ್ಬರ ಮಾತನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು. ಎಂಜಿನ್ ಕೈಯಿಂದ ತಿರುಗುತ್ತದೆಯೇ ಎಂದು ನೋಡುವುದು ಬೇರೆ, ಅದನ್ನು ಸ್ಟಾರ್ಟ್ ಮಾಡುವುದು ಬೇರೆ. ಮೊದಲನೆಯದಕ್ಕೆ ಹೆಚ್ಚು ಖರ್ಚಿಲ್ಲ, ಅದನ್ನು ಈಗಲೇ ಮಾಡಿ. ಎರಡನೆಯದನ್ನು ಮಾತ್ರ ಬ್ರೇಕ್ ಸರಿಯಾಗುವ ತನಕ ಮುಂದೂಡಿ. ಎಂಜಿನ್ ಓಡತೊಡಗಿದ ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಹಾಕಿಸದೆ ಇರುವ ಮನುಷ್ಯನನ್ನು ನಾನಿನ್ನೂ ನೋಡಿಲ್ಲ, ಮತ್ತು ಮಲೆನಾಡಿನ ಯಾವ ಅಂಗಳದಿಂದ ಹೊರಟರೂ ಮುಂದಿರುವುದು ಇಳಿಜಾರೇ.

ಈ ಗಾಡಿಯ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕುಗಳಿವೆ. ಹೈಡ್ರಾಲಿಕ್ ವ್ಯವಸ್ಥೆ ಒಂದೇ ಸರ್ಕ್ಯೂಟಿನದು. ಅಂದರೆ ಯಾವುದಾದರೂ ಒಂದು ಚಕ್ರದ ಸಿಲಿಂಡರ್ ಸೋರಿದರೂ, ಒಂದು ಪೈಪ್ ಒಡೆದರೂ ನಾಲ್ಕೂ ಚಕ್ರಗಳ ಬ್ರೇಕ್ ಒಮ್ಮೆಗೇ ಹೋಗುತ್ತದೆ. ಈಗಿನ ಕಾರುಗಳಂತೆ ಎರಡನೆಯ ಸರ್ಕ್ಯೂಟ್ ಉಳಿದಿದೆ ಎಂದು ನಂಬಿಕೊಳ್ಳುವಂತಿಲ್ಲ. ಆದ್ದರಿಂದ ಪೆಡಲ್ ನೆಲ ಮುಟ್ಟುವುದಕ್ಕೆ ಕಾರಣವಾದ ಒಂದೇ ಸೋರಿಕೆಯನ್ನು ಹುಡುಕಿ, ಅಷ್ಟನ್ನೇ ಸರಿಪಡಿಸಿ ತೃಪ್ತಿಪಡಬೇಡಿ. ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್, ಎಲ್ಲ ಚಕ್ರಗಳ ಸಿಲಿಂಡರುಗಳು, ರಬ್ಬರ್ ಹೋಸುಗಳು, ಲೋಹದ ಪೈಪುಗಳು, ಇಷ್ಟನ್ನೂ ಬಿಚ್ಚಿ ನೋಡಲೇಬೇಕು. ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಗುಳಿಗಳಿದ್ದರೆ ಹೊಸ ರಬ್ಬರ್ ವಾಷರ್ ಹಾಕಿದರೂ ಕೆಲವೇ ವಾರಗಳಲ್ಲಿ ಮತ್ತೆ ಸೋರುತ್ತದೆ. ಅಂಥದ್ದಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ತೋಳು (ಒಳಗೆ ಕೂರಿಸುವ ಕೊಳವೆ) ಹಾಕಿಸಬೇಕು, ಇಲ್ಲವೇ ಬದಲಿಸಬೇಕು. ರಬ್ಬರ್ ಹೋಸು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ದಾರಿ ಕಟ್ಟಿರುತ್ತದೆ. ಪೆಡಲ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿಯೇ ಉಳಿಯುವುದು ಇದರ ಲಕ್ಷಣ. ಹೋಸುಗಳನ್ನು ಪರೀಕ್ಷಿಸುತ್ತ ಕೂರದೆ ಎಲ್ಲವನ್ನೂ ಹೊಸದಾಗಿ ಹಾಕಿಸಿ.

ಡ್ರಮ್ ತೆಗೆದಾಗ ಕಾಣುವ ಕಪ್ಪು ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬಾರದು. ಆ ಕಾಲದ ಲೈನಿಂಗುಗಳಲ್ಲಿ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿಗಳು) ಆಸ್ಬೆಸ್ಟಸ್ ಇರುತ್ತಿತ್ತು. ಮುಖಕ್ಕೆ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಲೈನಿಂಗಿಗೆ ಬ್ರೇಕ್ ಆಯಿಲ್ ತಾಗಿದ್ದರೆ ಉಜ್ಜಿ ಮತ್ತೆ ಬಳಸಬೇಡಿ. ಮರುಜೋಡಣೆಯ ಬಳಿಕ ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ದ್ರವವನ್ನೇ, ಮುದ್ರೆ ಒಡೆಯದ ಡಬ್ಬಿಯಿಂದ, ಹಾಕಬೇಕು. ಎಂಜಿನ್ ಆಯಿಲಿನ ಒಂದು ತೊಟ್ಟು ಸೇರಿದರೂ ಒಳಗಿನ ರಬ್ಬರ್ ಭಾಗಗಳೆಲ್ಲ ಊದಿಕೊಂಡು ಕೆಡುತ್ತವೆ. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡ ಚಕ್ರದಿಂದ ಆರಂಭಿಸಿ. ಮುಗಿದ ಮೇಲೆ ಪೆಡಲನ್ನು ಬಲವಾಗಿ ಒತ್ತಿ ಹಿಡಿದು ಒಂದು ನಿಮಿಷ ಕಾಯಿರಿ. ಅದು ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರಿಕೆ ಉಳಿದಿದೆ ಎಂದೇ ಅರ್ಥ. ಹ್ಯಾಂಡ್‌ಬ್ರೇಕಿನ ಕೇಬಲನ್ನು ಮರೆಯಬೇಡಿ, ಏಕೆಂದರೆ ಒಂದೇ ಸರ್ಕ್ಯೂಟಿನ ಗಾಡಿಯಲ್ಲಿ ಅದೊಂದೇ ಎರಡನೆಯ ಆಸರೆ.

ಇನ್ನೊಂದು ಮಾತು. ಗಾಡಿಯನ್ನು ಎತ್ತುವಾಗ ಸೈಜುಗಲ್ಲು, ಸಿಲ್ವರ್ ಓಕ್ ತುಂಡುಗಳನ್ನು ಕೆಳಗಿಟ್ಟು ಒಳಗೆ ನುಸುಳುವ ನಮ್ಮ ಪದ್ಧತಿ ಇಲ್ಲಿ ಬೇಡ. ಅಂಬಾಸಿಡರಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಜಾಕ್ ಕೊಡುವ ಜಾಗವೇ ತುಕ್ಕು ಹಿಡಿದಿದ್ದರೆ ಅದು ಕುಸಿದು ಗಾಡಿ ಮೈಮೇಲೆ ಬರುತ್ತದೆ. ಮೊದಲು ಸ್ಕ್ರೂಡ್ರೈವರಿನಿಂದ ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಹಿಂದಿನ ಪಟ್ಟಾ ಸ್ಪ್ರಿಂಗ್ ಕೂರುವ ಜಾಗಗಳನ್ನು ಚುಚ್ಚಿ ನೋಡಿ, ಗಟ್ಟಿ ಇರುವಲ್ಲಿ ಉಕ್ಕಿನ ಜಾಕ್ ಸ್ಟ್ಯಾಂಡ್ ಕೊಡಿ. ಮುಂದಿನ ಸಸ್ಪೆನ್ಷನ್ನಿನಲ್ಲಿರುವುದು ಟಾರ್ಷನ್ ಬಾರ್. ತಿರುಚಿಟ್ಟ ಆ ಸಲಾಕೆಯಲ್ಲಿ ಕಾರಿನ ಮುಂಭಾಗದ ಒಂದು ಬದಿಯ ಭಾರ ಹೊರುವ ಶಕ್ತಿ ಅಡಗಿರುತ್ತದೆ, ಗೊತ್ತಿಲ್ಲದವರು ಅದರ ಬೋಲ್ಟಿಗೆ ಕೈ ಹಾಕಬಾರದು.

ಪಲ್ಪರ್ ಮನೆ (ಮೂಡಿಗೆರೆ)

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಮೆಕ್ಯಾನಿಕ್‌ಗೆ ಸದ್ಯಕ್ಕೆ ಬರುವುದು ಬೇಡವೆಂದು ತಿಳಿಸಿದ್ದೇನೆ. ಬಾನೆಟ್ ತೆರೆದು ನೋಡಿದಾಗ ಏರ್ ಫಿಲ್ಟರಿನೊಳಗೆ ಇಲಿಯ ಗೂಡು, ಡ್ಯಾಶ್‌ಬೋರ್ಡಿನ ಹಿಂದೆ ಕಡಿದು ಚೂರಾದ ವೈರುಗಳು, ಸೈಲೆನ್ಸರ್ ಬಾಯಿಯಲ್ಲಿ ಕಣಜದ ಹುಳು ಕಟ್ಟಿದ ಮಣ್ಣು ಸಿಕ್ಕಿದವು. ಸೀಟಿನೊಳಗೂ ಇಲಿಗಳಿದ್ದಂತೆ ಕಾಣುತ್ತದೆ. ಪೆಟ್ರೋಲ್ ಟ್ಯಾಂಕಿನಲ್ಲಿ ಏನೋ ದ್ರವ ಉಳಿದಿದೆ, ಆದರೆ ಅದು ಪೆಟ್ರೋಲಿನ ವಾಸನೆಯಲ್ಲ, ಬಣ್ಣದ ಡಬ್ಬಿಯ ವಾಸನೆ.

ಎರಡು ಫ್ಯೂಸ್ (ಚಿಕ್ಕಮಗಳೂರು)

ಕಾರಿನ ವಿಷಯಕ್ಕೆ ಮೊದಲು ಆರೋಗ್ಯದ ಮಾತು: ಇಲಿಯ ಮೂತ್ರದಿಂದ ಇಲಿ ಜ್ವರ ಹರಡುತ್ತದೆ, ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು. ರಬ್ಬರ್ ಕೈಗವಸು ಹಾಕಿ, ಗೂಡಿಗೆ ಬ್ಲೀಚಿಂಗ್ ನೀರು ಚಿಮುಕಿಸಿ ತೋಯಿಸಿ, ಆಮೇಲೆ ತೆಗೆಯಿರಿ. ಒಣಗಿದ್ದನ್ನು ಗುಡಿಸಬೇಡಿ. ಕೈ ಹಾಕುವ ಮುಂಚೆ ಸೀಟಿನಡಿ, ಬಾನೆಟ್ಟಿನಡಿ ಹಾವಿದೆಯೇ ಎಂದು ಟಾರ್ಚ್ ಬಿಟ್ಟು ನೋಡುವುದನ್ನು ತೋಟದವರಿಗೆ ನಾನು ಹೇಳಿಕೊಡಬೇಕಿಲ್ಲ. ಇಲಿ ಇದ್ದಲ್ಲಿಗೆ ಅದೂ ಬಂದಿರುತ್ತದೆ.

ವೈರಿಂಗ್ ವಿಚಾರದಲ್ಲಿ ತೇಪೆ ಹಚ್ಚುವ ಯೋಚನೆಯನ್ನು ಬಿಟ್ಟು ಪೂರ್ತಿ ಹೊಸ ಹಾರ್ನೆಸ್ (ಇಡೀ ಗಾಡಿಯ ವೈರುಗಳ ಕಟ್ಟು) ಹಾಕಿಸಿ. ಆ ಕಾಲದ ವ್ಯವಸ್ಥೆಯಲ್ಲಿ ಇಡೀ ಗಾಡಿಗೆ ಇರುವುದು ಎರಡೇ ಫ್ಯೂಸ್. ಹೆಡ್‌ಲೈಟ್, ಇಗ್ನಿಷನ್ ವೈರುಗಳಿಗೆ ಫ್ಯೂಸಿನ ರಕ್ಷಣೆಯೇ ಇಲ್ಲ. ಇಲಿ ಕಡಿದ ವೈರೊಂದು ತಗಡಿಗೆ ತಾಗಿದರೆ ಫ್ಯೂಸ್ ಹೋಗುವುದಿಲ್ಲ, ವೈರೇ ಕೆಂಪಗೆ ಕಾದು ಉರಿಯುತ್ತದೆ. ಹೊಸ ಹಾರ್ನೆಸ್ ಹಾಕಿಸುವಾಗಲೇ ಕಣ್ಣಿಗೆ ಕಾಣದಂತೆ ಇನ್ನೂ ಕೆಲವು ಫ್ಯೂಸ್ ಸೇರಿಸಿ, ಬ್ಯಾಟರಿಗೆ ಒಂದು ಕಟಾಫ್ ಸ್ವಿಚ್ ಕೊಡಿಸಿ. ಬ್ಯಾಟರಿ ಜೋಡಿಸುವ ಮುಂಚೆ ಅರ್ಥ್, ಅಂದರೆ ಬಾಡಿಗೆ ಸೇರುವ ತುದಿ, ಯಾವ ಬದಿಗಿದೆ ಎಂದು ಖಚಿತಪಡಿಸಿಕೊಳ್ಳಿ. ಬ್ರಿಟಿಷ್ ಮೂಲದ ಅನೇಕ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಬದಿಯೇ ಬಾಡಿಗೆ ಸೇರುತ್ತಿತ್ತು, ಎಷ್ಟೋ ಗಾಡಿಗಳನ್ನು ಆಮೇಲೆ ಬದಲಿಸಿಯೂ ಇದ್ದಾರೆ. ಮೊದಲ ಬಾರಿ ಜೋಡಿಸುವಾಗ ಬ್ಯಾಟರಿ ಮತ್ತು ಕೇಬಲಿನ ನಡುವೆ 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬೊಂದನ್ನು ಕಟ್ಟಿ. ಎಲ್ಲ ಸ್ವಿಚ್ಚುಗಳೂ ಆರಿರುವಾಗ ಆ ಬಲ್ಬ್ ಪ್ರಖರವಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ವಿದ್ಯುತ್ತನ್ನು ಮಿತಿಯಲ್ಲಿಡುವುದರಿಂದ ಬೆಂಕಿಯ ಭಯವಿಲ್ಲದೆ ದೋಷ ಹುಡುಕಬಹುದು.

ಹಳೆಯ ಪಿಸ್ಟನ್ (ಹಾಸನ)

ಬಣ್ಣದ ವಾಸನೆ ಬರುವ ಆ ಪೆಟ್ರೋಲ್ ಕೊಳೆತಿದೆ. ಅದರ ಹಗುರ ಅಂಶವೆಲ್ಲ ಆರಿ ಹೋಗಿ ಅಂಟು ಉಳಿದಿದೆ, ಕಾರ್ಬುರೇಟರಿನ ಜೆಟ್ ಮುಚ್ಚುವುದು ಇದೇ ಅಂಟು. ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂದದ್ದು 2000ದ ಫೆಬ್ರವರಿ 1ರಿಂದ, ನಿಮ್ಮ ಟ್ಯಾಂಕಿನಲ್ಲಿರುವುದು ಅದಕ್ಕೂ ಹಿಂದಿನದಾದರೆ ಅದರಲ್ಲಿ ಸೀಸವೂ ಇರಬಹುದು. ಬಾಯಿಯಿಂದ ಪೈಪ್ ಎಳೆದು ತೆಗೆಯಬೇಡಿ, ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ಇಳಿಸಿ. ಹೇಮಾವತಿ ಹುಟ್ಟುವ ತಾಲ್ಲೂಕಿನಲ್ಲಿ ಅದನ್ನು ಹಳ್ಳಕ್ಕೆ ಸುರಿಯುವುದಂತೂ ಕೂಡದು. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವವರಿಗೆ ಕೊಡಿ.

ಖಾಲಿ ಟ್ಯಾಂಕ್ ತೂತಾಗಿದ್ದರೆ ಹಾಗೆಯೇ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯಕಾರಿ, ಒಳಗೆ ಗಾಳಿಯೊಂದಿಗೆ ಬೆರೆತ ಆವಿ ಒಂದು ಕಿಡಿಗೆ ಸಿಡಿಯುತ್ತದೆ. ಚೆನ್ನಾಗಿ ತೊಳೆದು ಆವಿ ಹಾಯಿಸಿ ಬೆಸೆಯಬಲ್ಲ ರೇಡಿಯೇಟರ್ ಕೆಲಸದವರು ಹಾಸನದಲ್ಲಿ, ಬಿ.ಎಂ. ರಸ್ತೆಯ ಆಸುಪಾಸಿನಲ್ಲಿ, ವಿಚಾರಿಸಿದರೆ ಸಿಗುತ್ತಾರೆ. ರೇಡಿಯೇಟರನ್ನೂ ಆಗಲೇ ಅವರಿಗೇ ಕೊಡಿ. ಪೆಟ್ರೋಲ್ ಹೋಸು, ಪಂಪಿನ ಡಯಾಫ್ರಾಂಗಳನ್ನು ಎಥೆನಾಲ್ ತಡೆಯಬಲ್ಲ ರಬ್ಬರಿನದಕ್ಕೆ ಬದಲಿಸಿ. ಈಗ ಬಂಕುಗಳಲ್ಲಿ ಸಿಗುವ ಶೇ 20ರ ಎಥೆನಾಲ್ ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಸೋರಿಸುತ್ತದೆ, ಅದು ಸೋರುವುದು ಕಾದ ಎಂಜಿನ್ನಿನ ಪಕ್ಕದಲ್ಲೇ. ಎಥೆನಾಲ್ ತೇವವನ್ನೂ ಹೀರುತ್ತದೆ; ಆದ್ದರಿಂದ ಮಳೆಗಾಲದಲ್ಲಿ ಓಡಿಸುವ ಉದ್ದೇಶವಿಲ್ಲದಿದ್ದರೆ ಮೇ ತಿಂಗಳಲ್ಲೇ ಟ್ಯಾಂಕ್ ಖಾಲಿ ಮಾಡಿಡುವುದು ಲೇಸು.

ತೋಟದ ಜೀಪು (ಬಾಳೆಹೊನ್ನೂರು)

ಸ್ಟಾರ್ಟ್ ಆಗದಿದ್ದರೆ ಕಾರ್ಬುರೇಟರಿನ ಬಾಯಿಗೆ ಬಾಟಲಿಯಿಂದ ಸ್ವಲ್ಪ ಪೆಟ್ರೋಲ್ ಬಿಟ್ಟರೆ ಹಿಡಿಯುತ್ತದೆ. ಇದಕ್ಕೂ ಆಕ್ಷೇಪವಿದೆಯೇ?

ಹಳೆಯ ಪಿಸ್ಟನ್ (ಹಾಸನ)

ಇದೆ. ವಾಲ್ವ್ ಸರಿಯಾಗಿ ಮುಚ್ಚದ ಅಥವಾ ಟೈಮಿಂಗ್ ತಪ್ಪಿದ ಎಂಜಿನ್ ಕಾರ್ಬುರೇಟರಿನಿಂದ ಬೆಂಕಿ ಉಗುಳುತ್ತದೆ, ಆಗ ನಿಮ್ಮ ಕೈಯಲ್ಲಿ ತೆರೆದ ಬಾಟಲಿ ಇರುತ್ತದೆ. ಅಗತ್ಯವಾದರೆ ಕೆಲವೇ ತೊಟ್ಟು ಬಿಟ್ಟು, ಬಾಟಲಿಯ ಮುಚ್ಚಳ ಹಾಕಿ ದೂರವಿಟ್ಟು, ಏರ್ ಫಿಲ್ಟರ್ ಕೂರಿಸಿದ ಮೇಲೆಯೇ ಸ್ಟಾರ್ಟರ್ ಒತ್ತಬೇಕು. ಒಣಪುಡಿಯ ಅಗ್ನಿಶಾಮಕವೊಂದು ಕೈಗೆಟುಕುವಲ್ಲಿರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಬೆಂಕಿ ಹರಡುತ್ತದೆ.

ಅದಕ್ಕೆ ಮುಂಚಿನ ಕೆಲಸ ಇನ್ನೂ ಇದೆ. ರಾಕರ್ ಕವರ್ ತೆಗೆದು, ಒಬ್ಬರು ಹ್ಯಾಂಡಲ್ ತಿರುಗಿಸುವಾಗ ಎಂಟೂ ವಾಲ್ವುಗಳು ಇಳಿದು ಏರುತ್ತವೆಯೇ ಎಂದು ಇನ್ನೊಬ್ಬರು ನೋಡಬೇಕು. ತಣ್ಣಗಿರುವಾಗ ವಾಲ್ವಿನ ಅಂತರ 0.015 ಇಂಚು, ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಅಂತರ 0.015 ಇಂಚಿನ ಆಸುಪಾಸು, ಪ್ಲಗ್ಗಿನದು 0.025 ಇಂಚು, ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಸಿಗುವ ಸರದಿ) 1-3-4-2. ಹಳೆಯ ಎಣ್ಣೆ ಇಳಿಸಿ, ಸಂಪ್ ಬಿಚ್ಚಿ ತಳದ ಕೆಸರು ತೆಗೆದು, 20ಡಬ್ಲ್ಯೂ-50 ಎಣ್ಣೆಯನ್ನು ಹೊಸ ಫಿಲ್ಟರಿನೊಂದಿಗೆ ಹಾಕಿ. ಪ್ಲಗ್ಗುಗಳಿಲ್ಲದೆ ಸ್ಟಾರ್ಟರಿನಿಂದ ತಿರುಗಿಸುತ್ತ, ಗೇಜಿನಲ್ಲಿ ಎಣ್ಣೆಯ ಒತ್ತಡ ಕಾಣಿಸಿಕೊಂಡ ಮೇಲೆ ಮಾತ್ರ ಪ್ಲಗ್ ಹಾಕಬೇಕು. ಮೊದಲ ಸ್ಟಾರ್ಟಿಗೆ ಗಾಡಿಯನ್ನು ಶೆಡ್ಡಿನ ಹೊರಗೆ ತಳ್ಳಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಕೆಎ 18 (ಆಲ್ದೂರು)

ಗಾಡಿಯ ಕೆಲಸದ ಜೊತೆಗೇ ಕಾಗದದ ಕೆಲಸವನ್ನೂ ಆರಂಭಿಸಿ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ, ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ನಿಮ್ಮದು ಬಹುಕಾಲದಿಂದ ಬಾಕಿ ಇರುವುದರಿಂದ ಶುಲ್ಕ, ದಂಡ, ತೆರಿಗೆಗಳನ್ನು ಚಿಕ್ಕಮಗಳೂರು ಆರ್‌ಟಿಓ ಕಚೇರಿಯಲ್ಲಿ ಮೊದಲೇ ಲೆಕ್ಕ ಹಾಕಿಸಿಕೊಳ್ಳಿ. ಆರ್‌ಸಿ ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸುದಾರರಿಗೆ ವರ್ಗಾವಣೆ ಆಗದೆ ಮುಂದಿನ ಹೆಜ್ಜೆ ಇಲ್ಲ.

ಇನ್ನೊಂದು ದಾರಿಯೂ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿಸಿಕೊಂಡ ವಾಹನಗಳಿಗೆ ವಿಂಟೇಜ್ ವರ್ಗ ಬಂದಿದೆ. ಈಗಾಗಲೇ ನೋಂದಣಿ ಇರುವ ಗಾಡಿಗೆ ಹಳೆಯ ನಂಬರೇ ಉಳಿಯುತ್ತದೆ, ಹೊಸದಾಗಿ ನೋಂದಣಿಯಾಗುವವಕ್ಕೆ ವಿಎ ಸರಣಿ ಕೊಡುತ್ತಾರೆ. ಆದರೆ ಆ ವರ್ಗದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಪೇಟೆಗೆ ಹೋಗಿ ಬರುವುದೇ ನಿಮ್ಮ ಆಸೆಯಾದರೆ ಸಾಮಾನ್ಯ ನವೀಕರಣವೇ ಸೂಕ್ತ. ಎಂಜಿನ್, ಬಾಡಿಗಳನ್ನು ಗಣನೀಯವಾಗಿ ಮಾರ್ಪಡಿಸಿದರೆ ವಿಂಟೇಜ್ ಅರ್ಹತೆ ಹೋಗುತ್ತದೆ ಎಂಬುದನ್ನೂ ನೆನಪಿಡಿ. ಡೀಸೆಲ್ ಎಂಜಿನ್ ಕೂರಿಸಿಕೊಡುತ್ತೇವೆಂದು ಹೇಳುವವರು ಖಂಡಿತ ಬರುತ್ತಾರೆ.

ಪಲ್ಪರ್ ಮನೆ (ಮೂಡಿಗೆರೆ)

ಸುದ್ದಿ ಹೇಳಲು ಬಂದಿದ್ದೇನೆ. ಎಂಜಿನ್ ಕೈಯಿಂದ ತಿರುಗಿತು. ಬಿಗಿದುಕೊಂಡಿದ್ದ ಒಂದು ಎಕ್ಸಾಸ್ಟ್ ವಾಲ್ವ್ ಎಣ್ಣೆ ಬಿಟ್ಟು ಕಾದ ಮೇಲೆ ಸಡಿಲವಾಯಿತು. ಚಕ್ರದ ಸಿಲಿಂಡರುಗಳಿಗೆಲ್ಲ ತೋಳು ಹಾಕಿಸಿ, ಹೋಸು, ಪೈಪು, ಲೈನಿಂಗುಗಳನ್ನು ಬದಲಿಸಿದೆವು. ವೈರಿಂಗ್ ಹೊಸದು. 5.90-15 ಅಳತೆಯ ಟೈರುಗಳೂ ಹೊಸವೇ. ಮೊನ್ನೆ ಎಂಜಿನ್ ಸ್ಟಾರ್ಟ್ ಆಯಿತು. ಹೊಗೆ ಮೊದಲು ದಟ್ಟವಾಗಿ ಬಂದು ಆಮೇಲೆ ತಿಳಿಯಾಯಿತು, ಎಣ್ಣೆಯ ಒತ್ತಡ 50 ಪಿಎಸ್‌ಐ ತೋರಿಸಿತು. ಆದರೆ ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಬೀಳುತ್ತಿಲ್ಲ, ಕರಕರ ಸದ್ದು ಬರುತ್ತದೆ. ಗೇರ್‌ಬಾಕ್ಸ್ ಇಳಿಸಬೇಕೇ?

ಡ್ರಮ್ ಮತ್ತು ಲೈನಿಂಗ್ (ಸಕಲೇಶಪುರ)

ಈಗಲೇ ಇಳಿಸಬೇಡಿ. ತೇವಕ್ಕೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡಿರುತ್ತದೆ, ನಮ್ಮ ಕಡೆ ಇದು ಸಾಮಾನ್ಯ. ಪೆಡಲನ್ನು ಮರದ ತುಂಡಿನಿಂದ ಒತ್ತಿ ಸೀಟಿಗೆ ಆನಿಸಿ ಒಂದೆರಡು ದಿನ ಬಿಡಿ. ಅದಕ್ಕೂ ಬಿಡದಿದ್ದರೆ ಎಂಜಿನ್ ಚೆನ್ನಾಗಿ ಕಾಯುವ ತನಕ ನ್ಯೂಟ್ರಲ್‌ನಲ್ಲಿ ಓಡಿಸಿ, ಆರಿಸಿ, ಟಾಪ್ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡಿದು, ಇಬ್ಬರು ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ತೂಗಲಿ. ಹಿಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, ಗೇರಿನಲ್ಲಿ ಎಂಜಿನ್ ಓಡಿಸಿ, ಬ್ರೇಕ್ ಹೊಡೆದು ಬಿಡಿಸುವ ವಿಧಾನವನ್ನೂ ಕೆಲವರು ಹೇಳುತ್ತಾರೆ. ಗಾಡಿ ಸ್ಟ್ಯಾಂಡಿನಿಂದ ಜಿಗಿದರೆ ಎದುರಿಗಿದ್ದವರ ಗತಿ ಏನೆಂದು ಯೋಚಿಸಿ ನಾನು ಅದನ್ನು ಹೇಳುವುದಿಲ್ಲ.

ಪಲ್ಪರ್ ಮನೆ (ಮೂಡಿಗೆರೆ)

ಮರದ ತುಂಡು ಕೆಲಸ ಮಾಡಲಿಲ್ಲ, ತೂಗಿದ್ದು ಕೆಲಸ ಮಾಡಿತು. ಈಗ ಗೇರ್ ಬೀಳುತ್ತಿದೆ. ಮೊದಲ ಓಡಾಟಕ್ಕೆ ಯಾವ ಜಾಗ ಒಳ್ಳೆಯದು? ಮನೆಯವರೆಲ್ಲ ಚಾರ್ಮಾಡಿ ಘಾಟಿಗೆ ಹೋಗೋಣ ಎನ್ನುತ್ತಿದ್ದಾರೆ.

ತೋಟದ ಜೀಪು (ಬಾಳೆಹೊನ್ನೂರು)

ಕಾಫಿ ಒಣಗಿಸುವ ಕಣ ಖಾಲಿ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ: ಸಮತಟ್ಟು, ಸಿಮೆಂಟಿನ ನೆಲ, ಯಾರೂ ಅಡ್ಡ ಬರುವುದಿಲ್ಲ. ನಡಿಗೆಯ ವೇಗದಲ್ಲಿ ಬ್ರೇಕ್ ಹೊಡೆದು, ಗಾಡಿ ಒಂದು ಬದಿಗೆ ಎಳೆಯುತ್ತದೆಯೇ, ಸ್ಟೇರಿಂಗಿನಲ್ಲಿ ಎಷ್ಟು ಆಟವಿದೆ ಎಂದು ಅಲ್ಲೇ ನೋಡಿಕೊಳ್ಳಿ. ರಾತ್ರಿ ಕಣದ ಮೇಲೆಯೇ ಬಿಟ್ಟರೆ ಬೆಳಿಗ್ಗೆ ಎಲ್ಲಿ ಏನು ಸೋರಿದೆ ಎಂಬುದು ನೆಲದ ಮೇಲೆ ಕಾಣುತ್ತದೆ.

ಡ್ರಮ್ ಮತ್ತು ಲೈನಿಂಗ್ (ಸಕಲೇಶಪುರ)

ಚಾರ್ಮಾಡಿ ಈ ವರ್ಷ ಬೇಡ. ಇಳಿಯುವಾಗ ಡ್ರಮ್ ಬ್ರೇಕುಗಳು ಬಿಡುವಿಲ್ಲದೆ ಕಾಯುತ್ತವೆ. ಡಾಟ್ 3 ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೆಲ ಮುಟ್ಟುತ್ತದೆ, ಅದೂ ತಿರುವಿನ ನಡುವೆ. ಹೊಸ ಲೈನಿಂಗ್ ಡ್ರಮ್ಮಿಗೆ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು, ಹೊಂದಿಕೊಂಡ ಮೇಲೆ ಮತ್ತೆ ಅಡ್ಜಸ್ಟ್ ಮಾಡಿಸಬೇಕು. ವಿಮೆ, ನೋಂದಣಿ ಆಗುವ ತನಕ ತೋಟದ ರಸ್ತೆಯಲ್ಲೇ ಓಡಿಸಿ. ಆದ ಮೇಲೆ ಮೂಡಿಗೆರೆ ಪೇಟೆಗೆ, ಹಗಲು ಹೊತ್ತಿನಲ್ಲಿ, ಹಿಂದೆ ಇನ್ನೊಂದು ಗಾಡಿ ಇಟ್ಟುಕೊಂಡು ಹೋಗಿ. ಪ್ರತಿ ಸಲ ಮನೆಗೆ ಬಂದೊಡನೆ ನಾಲ್ಕು ಡ್ರಮ್‌ಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಆ ಚಕ್ರದ ಸಿಲಿಂಡರ್ ಇನ್ನೂ ಹಿಡಿಯುತ್ತಿದೆ, ಮತ್ತೆ ಬಿಚ್ಚಬೇಕು.

ಪಲ್ಪರ್ ಮನೆ (ಮೂಡಿಗೆರೆ)

ಕಣದಲ್ಲಿ ಓಡಿಸಿದೆವು. ಹಿಂದಿನ ಎಡಗಡೆಯ ಡ್ರಮ್ ಉಳಿದವಕ್ಕಿಂತ ಬಿಸಿಯಾಗಿತ್ತು. ಬಿಚ್ಚಿ ನೋಡಿದರೆ ಸಿಲಿಂಡರ್ ಚೆನ್ನಾಗಿಯೇ ಇದೆ, ಹ್ಯಾಂಡ್‌ಬ್ರೇಕಿನ ಕೇಬಲ್ ತನ್ನ ಕವಚದೊಳಗೆ ತುಕ್ಕು ಹಿಡಿದು ಹಿಂದಕ್ಕೆ ಸರಿಯುತ್ತಿರಲಿಲ್ಲ. ಹೊಸ ಕೇಬಲಿಗೆ ಹೇಳಿದ್ದೇನೆ, ವಾರಸುದಾರಿಕೆಯ ಕಾಗದಗಳನ್ನು ಸೋಮವಾರ ಆರ್‌ಟಿಓ ಕಚೇರಿಗೆ ಕೊಡುತ್ತೇನೆ.